ಟ್ರಾಫಿಕ್ಕಿಲ್ಲದ ದಾರಿಗೆ ಆರು ಗಾಡಿ

ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಇರುವುದು ಫ್ರಾನ್ಸಿನಿಂದ ಬಂದ ಹೆಲ್ಮೆಟ್ಟಿನಲ್ಲಿ. ಹಳದಿ ಬಣ್ಣದ್ದು. ಕಿಟಕಿಯ ಪಕ್ಕದ ಮೊಳೆಗೆ ಅದರ ಪಟ್ಟಿಯನ್ನು ಸಿಕ್ಕಿಸಿ, ಬುಟ್ಟಿಯ ಹಾಗೆ ಅಂಗಾತ ತೂಗುಹಾಕಿದ್ದೇನೆ. ತಲೆಗೆ ಗಾಳಿಯಾಡಲೆಂದು ಅದರ ಮೈತುಂಬ ಉದ್ದುದ್ದ ಸಂದು ಬಿಟ್ಟಿದ್ದಾರಲ್ಲ, ಬೆಳ್ಳುಳ್ಳಿಗೆ ಬೇಕಾದದ್ದೂ ಅದೇ. ಫ್ರಾನ್ಸಿನವರು ಯಾರ ತಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರೋ ಕಾಣೆ, ನಮ್ಮ ಮನೆಯ ಬೆಳ್ಳುಳ್ಳಿ ಮಾತ್ರ ಮಳೆಗಾಲದಲ್ಲೂ ಮೊಳಕೆಯೊಡೆಯುವುದಿಲ್ಲ.

ಮನೆಗೆ ಬಂದವರು ಅದನ್ನು ನೋಡಿ, "ಇದೇನ್ರೀ ಇದು?" ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಅದೊಂದು ದೊಡ್ಡ ಕಥೆ ಬಿಡಿ" ಎನ್ನುತ್ತಾರೆ. ದೊಡ್ಡ ಕಥೆಯೇನೂ ಅಲ್ಲ. ಅವರಿಗೆ ಹೇಳಲು ಇಷ್ಟವಿಲ್ಲ, ಅಷ್ಟೆ. ನನಗೆ ಇಷ್ಟವಿದೆ. ಕೂತುಕೊಳ್ಳಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ನಾವಾಗ ಒಮಾನಿನಲ್ಲಿದ್ದೆವು. ಅಲ್ ಗುಬ್ರಾದಲ್ಲಿ ಮೂರನೆಯ ಮಹಡಿಯ ಮನೆ. ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯ ಚಿಮಣಿಗಳು, ಇನ್ನೊಂದು ಕಡೆ ಮಗಳ ಶಾಲೆ, ಎರಡರ ನಡುವೆ ಕಾರುಗಳು. ಆ ಊರಿನಲ್ಲಿ ಜನ ಕಾರಿನಲ್ಲಿ ಓಡಾಡುತ್ತಾರೆ ಎನ್ನುವುದಕ್ಕಿಂತ ಕಾರುಗಳೇ ಜನರನ್ನು ಹಾಕಿಕೊಂಡು ಓಡಾಡುತ್ತವೆ ಎಂದರೆ ಸರಿಯಾದೀತು. ಎದುರುಗಡೆಯ ಅಂಗಡಿ ನಮ್ಮ ಬಾಲ್ಕನಿಯಿಂದ ಕಾಣುತ್ತಿತ್ತು. ಕೊತ್ತಂಬರಿ ಸೊಪ್ಪು ತಾಜಾ ಇದೆಯೋ ಬಾಡಿದೆಯೋ ಎಂದು ಮೇಲಿನಿಂದಲೇ ಹೇಳಬಹುದಿತ್ತು. ಆದರೆ ಆ ಸೊಪ್ಪು ತರಲು ಯಜಮಾನರು ಕಾರು ಹೊರಗೆ ತೆಗೆದು, ದೊಡ್ಡ ರಸ್ತೆಗೆ ಹೋಗಿ, ದೂರದ ವೃತ್ತವನ್ನು ಸುತ್ತಿ, ವಾಪಸು ಬಂದು, ಅಂಗಡಿಯ ಮುಂದೆ ಜಾಗ ಹುಡುಕುತ್ತಿದ್ದರು. ಅಷ್ಟರಲ್ಲಿ ನಾನು ಸೊಪ್ಪಿಲ್ಲದ ಸಾರನ್ನು ಇಳಿಸಿ, ಮಗಳಿಗೆ ಬಡಿಸಿ, ತಟ್ಟೆ ತೊಳೆದಿರುತ್ತಿದ್ದೆ.

ಅಂಗಡಿಯ ಪಕ್ಕದಲ್ಲೇ ಮೊಯಿದೀನ್ ಬ್ಯಾರಿಗಳ ಚಹಾದ ಹೋಟೆಲು. ಬಂಟ್ವಾಳದ ಕಡೆಯವರು. ಅಲ್ಲಿ ಯಾರೂ ಕಾರಿನಿಂದ ಇಳಿಯುವುದಿಲ್ಲ. ಮುಂದೆ ನಿಲ್ಲಿಸಿ ಒಂದು ಹಾರ್ನ್ ಹೊಡೆದರೆ ಸಾಕು, ಬ್ಯಾರಿಗಳು ಲೋಟ ಹಿಡಿದು ಕಿಟಕಿಗೇ ಬರುತ್ತಾರೆ. ಒಂದು ದಿನ ಯಜಮಾನರು ಆಫೀಸಿಗೆ ಹೋಗಿದ್ದಾಗ ನಾನು ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಿ, ನಡೆದೇ ಹೋಗಿ ಅವರ ಬಾಗಿಲಲ್ಲಿ ನಿಂತೆ. ಬ್ಯಾರಿಗಳು ಹೊರಗೆ ಬಂದರು. ನನ್ನ ಹಿಂದೆ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಗಾಡಿ ಎಲ್ಲಿ ಅಕ್ಕ? ಹಾಳಾಯ್ತಾ?"

"ಗಾಡಿ ಇಲ್ಲ. ನಡೆದು ಬಂದೆ."

"ಅಯ್ಯೋ ಪಾಪ!" ಎಂದರು. ಯಾರೋ ತೀರಿಕೊಂಡಾಗ ಹೇಳುವ ಧಾಟಿಯಲ್ಲಿ. ಕುರ್ಚಿಯನ್ನೂ ಹಾಕಿಕೊಟ್ಟರು.

ನಾನೇಕೆ ಕಾರು ಕಲಿಯಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕಲಿತೆ. ಲೈಸೆನ್ಸ್ ಸಿಗಲಿಲ್ಲ. ಅಲ್ಲಿ ರಸ್ತೆಗೆ ಬಿಡುವ ಮುಂಚೆ ಡ್ರಮ್ಮುಗಳ ನಡುವೆ ಹಿಂದಕ್ಕೆ ಹೋಗಿ ಕಾರು ನಿಲ್ಲಿಸುವ ಪರೀಕ್ಷೆ ಇರುತ್ತದೆ. ಮೊದಲ ಸಲ ಒಂದು ಡ್ರಮ್ಮು ಬಿತ್ತು. ಪೊಲೀಸಿನವರು ಬಹಳ ಸಭ್ಯರು. ಬೈಯಲಿಲ್ಲ, ನಗಲಿಲ್ಲ, "ಖಲಾಸ್" ಎಂದರು. ಆಮೇಲೆ ಎಷ್ಟು ಸಲ ಖಲಾಸ್ ಆಯಿತೆಂದು ಕೇಳಬೇಡಿ. ಕೊನೆಕೊನೆಗೆ ನನ್ನ ಕಾರು ಬರುವುದನ್ನು ಕಂಡರೆ ಡ್ರಮ್ಮುಗಳು ತಾವೇ ಮಲಗಿಬಿಡುತ್ತವೇನೋ ಎನ್ನಿಸುತ್ತಿತ್ತು.

ಹೀಗಾಗಿ ನಾನು ಆ ಊರಿನಲ್ಲಿ ಒಂದು ಪಾರ್ಸಲ್ಲಿನಂತೆ ಬದುಕಿದೆ. ದೇವಸ್ಥಾನಕ್ಕೆ ಒಯ್ದರೆ ಹೋಗುವುದು, ತರಕಾರಿಗೆ ಒಯ್ದರೆ ಹೋಗುವುದು, ವಾಪಸು ತಂದು ಬಾಗಿಲಲ್ಲಿ ಇಳಿಸಿದರೆ ಒಳಗೆ ಬರುವುದು. ಯಾರೂ ಒಲ್ಲೆ ಎನ್ನುತ್ತಿರಲಿಲ್ಲ, ನಿಜ. ಆದರೆ ಪ್ರತಿಯೊಂದಕ್ಕೂ ಯಾರದಾದರೂ ಪುರುಸೊತ್ತು ಕೇಳಬೇಕು. ನನಗಿದ್ದ ಆಸೆ ಬಹಳ ಸಣ್ಣದು, ನಗಬೇಡಿ: ಒಂದು ಸಲವಾದರೂ ಯಾರನ್ನೂ ಕೇಳದೆ, ನಾನೇ ಹೊರಟು, ನಾನೇ ಹೋಗಿ, ನಾನೇ ಬರಬೇಕು. ಎಲ್ಲಿಗೆ ಎನ್ನುವುದು ಮುಖ್ಯವಲ್ಲ. ಕೊತ್ತಂಬರಿ ಸೊಪ್ಪಿಗಾದರೂ ಆದೀತು.

ಹುಟ್ಟಿನಿಂದಲೇ ಪಾರ್ಸಲ್ಲಾಗಿದ್ದವಳಲ್ಲ ನಾನು. ಮೈಸೂರಿನಲ್ಲಿ ತಾತನ ಮನೆಯಲ್ಲಿ ಬೆಳೆದೆ. ನನ್ನ ಬಾಯಲ್ಲಿರುವ ಮಾತೆಲ್ಲ ತಾತ ಅಜ್ಜಿಯರದೇ. ಬೈಗುಳ ಅಜ್ಜಿಯದು, ಬಡಾಯಿ ತಾತನದು. ಬೀದಿಯ ಮೂಲೆಯ ಬಾಡಿಗೆ ಸೈಕಲ್ ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ಒಂದು ಸೈಕಲ್ ತಂದುಕೊಟ್ಟು ನನಗೆ ಕಲಿಸಿದವರು ತಾತ. ತಮಾಷೆಯೆಂದರೆ ತಾತನಿಗೆ ಸೈಕಲ್ ಬರುತ್ತಿರಲಿಲ್ಲ. ಅವರು ಜಗಲಿಯ ಮೇಲೆ ಕೂತು, ನಶ್ಯ ಏರಿಸುತ್ತಾ, ಬಾಯಿಮಾತಿನಲ್ಲೇ ಕಲಿಸಿದರು. "ಚಕ್ರ ನೋಡಬೇಡ್ವೇ! ಅದು ಎಲ್ಲಿಗೂ ಓಡಿಹೋಗಲ್ಲ, ನಿನ್ನ ಜೊತೇಲೇ ಬರತ್ತೆ. ದಾರಿ ನೋಡು!" ನಾನು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಾ, ಲಂಗವನ್ನು ಚೈನಿಗೆ ತಿನ್ನಿಸುತ್ತಾ, ಮೋರಿಯಿಂದ ಮೋರಿಗೆ ಬೀಳುತ್ತಾ ಕಲಿತೆ. ಲಂಗದ ಎಣ್ಣೆ ಕರೆಯನ್ನು ಅಜ್ಜಿ ಸೀಮೆಎಣ್ಣೆ ಹಾಕಿ ಉಜ್ಜುತ್ತಾ, "ಗಂಡುಬೀರಿ, ಗಂಡುಬೀರಿ" ಎಂದು ತಾಳ ಹಾಕುತ್ತಿದ್ದರು. ಇವತ್ತಿಗೂ ಎಲ್ಲಾದರೂ ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಅಜ್ಜಿಗಿಂತ ಮೊದಲು ಸೈಕಲ್ ನೆನಪಾಗುತ್ತದೆ.

ಎಲ್ಲಿದ್ದೆ? ಹಾಂ, ಹೆಲ್ಮೆಟ್ಟು.

ಯಜಮಾನರ ಕಂಪನಿಯದು ಪಂಪುಗಳ ವ್ಯವಹಾರ. ಆ ವರ್ಷ ಅವರನ್ನು ತರಬೇತಿಗೆಂದು ಫ್ರಾನ್ಸಿಗೆ ಕಳಿಸಿದರು. ಪಂಪಿನ ಬಗ್ಗೆ ಏನು ಕಲಿತು ಬಂದರೋ, ಮನೆಯಲ್ಲಂತೂ ಆ ಮಾತು ಬರಲೇ ಇಲ್ಲ. ಅಲ್ಲಿನ ಒಬ್ಬ ಸಹೋದ್ಯೋಗಿ ರಜಾದಿನ ಇವರನ್ನು ಹಳ್ಳಿಗಾಡಿಗೆ ಸೈಕಲ್ ಸವಾರಿಗೆ ಕರೆದೊಯ್ದಿದ್ದನಂತೆ. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಶುರುವಾಯಿತು. (ಕಾರನ್ನೂ ನನ್ನನ್ನೂ ಅಲ್ಲಿಗೆ ಮುಟ್ಟಿಸಿದವರು ಅವರ ಆಫೀಸಿನವರು. ಪಾರ್ಸಲ್ಲು ತಾನೇ.)

"ಲೇ, ಹಳೇ ರೈಲುದಾರಿ ಕಣೇ ಅದು. ಹಳಿ ಕಿತ್ತು ಸಣ್ಣ ಜಲ್ಲಿ ಹಾಸಿದ್ದಾರೆ. ಒಂದು ಕಾರಿಲ್ಲ, ಒಂದು ಲಾರಿ ಇಲ್ಲ. ಈ ಕಡೆ ಸೂರ್ಯಕಾಂತಿ ಹೊಲ, ಆ ಕಡೆ ದನ. ಚಕ್ರದ ಕೆಳಗೆ ಜಲ್ಲಿ ಕರಕರ ಅನ್ನೋದು ಬಿಟ್ರೆ ಸದ್ದೇ ಇಲ್ಲ. ಬದುಕೋದು ಅಂದ್ರೆ ಅದು!"

"ಸರಿ ಮತ್ತೆ, ಇಲ್ಲೂ ಒಂದು ಸೈಕಲ್ ತಗೊಳ್ಳಿ. ದಿನಾ ಸಾಯಂಕಾಲ ಅಂಗಡಿಗೆ ಹೋಗಿ ಸೊಪ್ಪು ತಂದುಕೊಡಿ."

"ಗುಬ್ರಾದಲ್ಲಾ?" ಅವರು ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. "ಯಾರಾದ್ರೂ ನೋಡಿದ್ರೆ ನನ್ನ ಕೆಲಸ ಹೋಯ್ತು ಅಂತ ತಿಳ್ಕೋತಾರೆ ಅಷ್ಟೆ."

ಅದೂ ಸುಳ್ಳಲ್ಲ. ಆ ಊರಿನಲ್ಲಿ ಸೈಕಲ್ ಹೊಡೆಯುವವರು ತೋಟಕ್ಕೆ ನೀರು ಬಿಡುವವರು, ಕಟ್ಟಡದ ಕೆಲಸಕ್ಕೆ ಹೋಗುವವರು. ಅವರು ಬಿಸಿಲಲ್ಲಿ ಕೆಲಸಕ್ಕೆ ಸೈಕಲ್ ತುಳಿದರೆ ಅದು ಬಡತನ. ಅದೇ ಸೈಕಲನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು, ಊರು ದಾಟಿ ಹೋಗಿ, ಕೆಲಸವಿಲ್ಲದೆ ತುಳಿದರೆ ಅದು ಜೀವನಶೈಲಿ. ಇಷ್ಟು ಸರಳವಾದದ್ದನ್ನು ತಿಳಿಯಲು ಯಜಮಾನರು ಫ್ರಾನ್ಸಿನವರೆಗೆ ಹೋಗಬೇಕಾಯಿತು.

ಪೆಟ್ಟಿಗೆಯಿಂದ ಹಳದಿ ಹೆಲ್ಮೆಟ್ಟು ಹೊರಬಂತು. ಅದರ ಹಿಂದೆ ಬೆರಳಿಲ್ಲದ ಕೈಗವಸು. ಅದರ ಹಿಂದೆ, ಕೂರುವ ಜಾಗದಲ್ಲಿ ದಪ್ಪ ಮೆತ್ತೆ ಹೊಲಿದ ಒಂದು ಬಿಗಿ ಚಡ್ಡಿ. ಅದನ್ನು ಒಗೆದು ಬಾಲ್ಕನಿಯಲ್ಲಿ ಒಣಗಲು ಹಾಕಿದ ದಿನ ಪಕ್ಕದ ಮನೆಯಾಕೆ ದನಿ ತಗ್ಗಿಸಿ, "ಊರಿಂದ ಮಾವನವರು ಬಂದಿದ್ದಾರಾ? ಆರೋಗ್ಯ ಹೇಗಿದೆ?" ಎಂದು ವಿಚಾರಿಸಿದಳು.

ಮುಂದಿನ ಶುಕ್ರವಾರದ ಹೊತ್ತಿಗೆ ಯಜಮಾನರು ಇಬ್ಬರನ್ನು ಮತಾಂತರ ಮಾಡಿದ್ದರು. ಒಬ್ಬರು ಸದಾಶಿವ ಶೆಟ್ಟರು. ಕುಂದಾಪುರ ದಾಟಿದರೆ ಶೀತವಾಗುತ್ತದೆ ಎನ್ನುತ್ತಿದ್ದ ಮನುಷ್ಯ, ಒಮಾನಿಗೆ ಬಂದು ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದರು. ಇನ್ನೊಬ್ಬರು ಬೆಂಗಳೂರಿನ ಮೂರ್ತಿ. ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರು, ಹೀಗಾಗಿ ಸೇಫ್ಟಿ ಮೂರ್ತಿ. ತಮ್ಮ ಮನೆಯ ಮಂಚದ ಮೂಲೆಗಳಿಗೂ ರಬ್ಬರು ಅಂಟಿಸಿದ್ದ ಮಹಾನುಭಾವರು. ಮೂವರಿಗೂ ಸೈಕಲ್ ಬಂತು, ಇನ್ನಿಬ್ಬರಿಗೆ ಮೆತ್ತೆ ಚಡ್ಡಿಯೂ ಬಂತು. ನಮ್ಮ ಹಾಲಿನಲ್ಲೇ ಸಂಘ ಹುಟ್ಟಿತು. ಹೆಸರು 'ಮೌನಪಥ'. ಆ ಹೆಸರಿಡಲು ಅವರು ಮಾಡಿದ ಗಲಾಟೆಗೆ ಕೆಳಗಿನ ಮಹಡಿಯವರು ಮೇಲೆ ಬಂದು ಬೆಲ್ ಹೊಡೆದರು.

ಜಾಗ ಗೊತ್ತಾಯಿತು. ರುಸ್ತಾಕ್ ದಾಟಿ ಬೆಟ್ಟಗಳ ನಡುವಿನ ಕಣಿವೆಗೆ ಹೋಗುವ ಜಲ್ಲಿ ರಸ್ತೆ.

"ಅಲ್ಲಿ ಒಂದು ನರಪಿಳ್ಳೆ ಇಲ್ಲ ಮಾರಾಯ್ರೆ," ಎಂದರು ಶೆಟ್ಟರು. "ನಾನು ಸಾಮಾನು ಕೊಡ್ಲಿಕ್ಕೆ ಹೋದದ್ದುಂಟು. ದಿನಕ್ಕೆ ಒಂದು ಪಿಕಪ್ಪು ಬಂದ್ರೆ ಬಂತು."

"ಒಂದು ಪಿಕಪ್ಪು ಅಂದ್ರೆ ಒಂದು ರಿಸ್ಕು," ಎಂದರು ಮೂರ್ತಿ. "ಮುಂದೆ ಒಂದು ಪೈಲಟ್ ಕಾರು ಬೇಕು. ಹಿಂದೆ ಒಂದು. ಹಜಾರ್ಡ್ ಲೈಟು ಆನ್ ಇರ್ಬೇಕು. ಸೈಕಲ್ಲಿಗೆ ಬೆಲ್ ಕಂಪಲ್ಸರಿ. ಇಲ್ದಿದ್ರೆ ನಾನು ಪೆಡಲ್ ಮೇಲೆ ಕಾಲಿಡಲ್ಲ."

ಪೈಲಟ್ ಕಾರಿಗೆ ಮೂರ್ತಿಯವರ ಹೆಂಡತಿ. ಸೈಕಲ್ ಹೊರಲು ಶೆಟ್ಟರ ಅಂಗಡಿಯ ಪಿಕಪ್ಪು. ಹಿಂಬಾಲಿಸಲು ಶೆಟ್ಟರ ಹೆಂಡತಿ ಸುಮತಿಯ ದೊಡ್ಡ ಗಾಡಿ. ಸುಮತಿ ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ತೆಗೆದವಳು, ಹಿಂದಕ್ಕೆ ಹೋಗುವುದನ್ನು ಮುಂದಕ್ಕೆ ಹೋದಷ್ಟೇ ಸಲೀಸಾಗಿ ಮಾಡುವವಳು. ಅಕಸ್ಮಾತ್ ಇರಲಿ ಎಂದು ನಮ್ಮ ಕಾರು, ಅದನ್ನು ಓಡಿಸಲು ಯಜಮಾನರ ಆಫೀಸಿನ ಒಬ್ಬರು. ಪುಳಿಯೋಗರೆ ಇರುತ್ತದೆ ಎಂಬ ಸುದ್ದಿ ಪಕ್ಕದ ಊರು ಸೀಬಿನವರೆಗೆ ಹೋಗಿ ಅಲ್ಲಿಂದ ರಾಯರೂ ಅವರ ಭಾವಮೈದುನರೂ ಸಂಸಾರಸಮೇತ ತಮ್ಮ ತಮ್ಮ ಕಾರಿನಲ್ಲಿ ಬರುವುದಾಯಿತು. ಮೂರು ಸೈಕಲ್ಲಿಗೆ ಆರು ಗಾಡಿ.

"ನಾನೂ ಸ್ವಲ್ಪ ದೂರ ಸೈಕಲ್ ಹೊಡೀಲಾ?" ಎಂದು ಕಾಫಿ ಕೊಡುತ್ತಾ ಕೇಳಿದೆ.

ಯಜಮಾನರು ನಕ್ಕರು. "ನಿನಗೆ ಡ್ರಮ್ಮೇ ದಾಟಕ್ಕಾಗಲ್ಲ, ಜಲ್ಲಿ ಮೇಲೆ ಸೈಕಲ್ಲಾ? ನೀನು ಸಪೋರ್ಟ್ ಟೀಮು ಕಣೇ."

ಮೂರ್ತಿಯವರೂ ನಕ್ಕರು, ಶೆಟ್ಟರೂ ನಕ್ಕರು. ಸುಮತಿ ನಗಲಿಲ್ಲ. ನಾನು ಒಳಗೆ ಹೋಗಿ ಕಾಫಿ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದೆ.

ಚಳಿಗಾಲದ ಶುಕ್ರವಾರ ಬೆಳಗ್ಗೆ ಹೊರಟೆವು. ಸುಮತಿಯ ಗಾಡಿಯಲ್ಲಿ ನಾನು, ನನ್ನ ತೊಡೆಯ ಮೇಲೆ ಪುಳಿಯೋಗರೆಯ ಡಬರಿ, ಕಾಲ ಬುಡದಲ್ಲಿ ಮೊಸರನ್ನ, ಹಿಂದಿನ ಸೀಟಿನಲ್ಲಿ ಮಗಳು ಮತ್ತು ಇಡ್ಲಿ. ರುಸ್ತಾಕಿನ ಕೋಟೆ ಹಿಂದೆ ಬಿತ್ತು. ಡಾಂಬರು ಮುಗಿಯಿತು. ಸೈಕಲ್ಲುಗಳನ್ನು ಇಳಿಸಿದರು. ಮೂವರೂ ಮೆತ್ತೆ ಚಡ್ಡಿಯಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಹೇಗಿತ್ತೆಂದು ಹೇಳುವುದಿಲ್ಲ, ಅವರೆಲ್ಲ ಮಕ್ಕಳೊಂದಿಗರು.

ಮೌನಪಥದ ಯಾತ್ರೆ ಶುರುವಾಯಿತು. ಮುಂದೆ ದೀಪ ಮಿನುಗಿಸುತ್ತಾ ಪೈಲಟ್ ಕಾರು, ನಡುವೆ ಮೂವರು, ಹಿಂದೆ ಐದು ಗಾಡಿ. ನೀವೇ ಯೋಚಿಸಿ, ಜಲ್ಲಿ ರಸ್ತೆ. ಪೈಲಟ್ ಕಾರು ಎಬ್ಬಿಸಿದ ಧೂಳು ಪೂರ್ತಿ ಹಿಂದೆ ಬರುವವರ ಬಾಯಿಗೆ. ಸ್ವಲ್ಪ ಹೊತ್ತಿಗೆ ನಮ್ಮ ಯಜಮಾನರು, ಶೆಟ್ಟರು, ಮೂರ್ತಿ ಮೂವರಲ್ಲಿ ಯಾರು ಯಾರೆಂದು ಗುರುತು ಸಿಗದಂತಾಯಿತು. ಮೂವರೂ ಗೋಧಿಹಿಟ್ಟಿನ ಗಿರಣಿಯಿಂದ ಬಂದವರ ಹಾಗಿದ್ದರು. ಅಲ್ಲದೆ ಆ ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆ. ಸೈಕಲ್ಲಿನ ಮೇಲೆ ಶೆಟ್ಟರ ಕೆನ್ನೆಗಳು ಬೇರೆಯವರ ಕೆನ್ನೆಗಳ ಹಾಗೆ ಕುಣಿಯುತ್ತಿದ್ದವು.

"ಇದೆಂತ ಅವಸ್ಥೆ ನಳಿನಕ್ಕ," ಎಂದಳು ಸುಮತಿ, ಮೊದಲನೇ ಗೇರಿನಲ್ಲೇ ಗಾಡಿಯನ್ನು ತೆವಳಿಸುತ್ತಾ. "ನಮ್ಮ ಮನೆಯವರನ್ನು ಇಷ್ಟು ಹೊತ್ತು ಹಿಂದಿಂದ ನಾನು ಯಾವತ್ತೂ ನೋಡಿದವಳಲ್ಲ."

ಹಿಂದಿನಿಂದ ಮಗಳು, "ಅಮ್ಮಾ, ವೈ ಆರ್ ವೀ ಚೇಸಿಂಗ್ ಅಪ್ಪ?" ಎಂದಳು. ನಾನು ಹಿಂದಕ್ಕೆ ಕೈ ಚಾಚಿ ಅವಳ ಬಾಯಿಗೊಂದು ಇಡ್ಲಿ ಇಟ್ಟೆ.

ಖರ್ಜೂರದ ತೋಟ, ಅದರ ಪಕ್ಕ ಒಂದು ನೀರಿನ ಗುಂಡಿ, ಅದನ್ನು ದಾಟಿ ದಾರಿ ಮೇಲಕ್ಕೇರಿತು. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕೆಳಗೆ ಒಣಗಿದ ಹೊಳೆ. ಒಂದು ಗಾಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲ. ಸರಿಯಾಗಿ ಅಲ್ಲೇ ಯಜಮಾನರ ಮೀನಖಂಡ ಹಿಡಿದುಕೊಂಡಿತು. "ಅಮ್ಮಾ!" ಎಂದು ಇಳಿದು ಕೂತರು. ಅವರು ಕೂತದ್ದೇ ತಡ, ಇನ್ನಿಬ್ಬರೂ ಸಹಾನುಭೂತಿಯಿಂದ ಕೂತರು. ಗಾಡಿಗಳೂ ನಿಂತವು, ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿ.

"ಇಲ್ಲೇ ತಿಂಡಿ ತಿಂದುಬಿಡೋಣ. ಹೇಗೂ ಟ್ರಾಫಿಕ್ ಇಲ್ಲವಲ್ಲ," ಎಂದರು ಯಜಮಾನರು.

ರಸ್ತೆಯ ಮಧ್ಯೆ ಚಾಪೆ ಹಾಸಿ ಇಡ್ಲಿ ತಿಂದೆವು. ಮಕ್ಕಳು ನೀರಿಗೆ ಹೋಗಬೇಕೆಂದು ಹಟ ಹಿಡಿದವು. ಸೀಬಿನ ರಾಯರು ತಮ್ಮ ಕಾರಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಟ್ಟು, ಎಲ್ಲರ ಹಿಂದೆ ನಿಂತಿದ್ದ ಭಾವಮೈದುನನ ಗಾಡಿಯಲ್ಲಿ ಮಕ್ಕಳನ್ನೆಲ್ಲ ತುಂಬಿಕೊಂಡು ಕೆಳಗಿನ ನೀರಿನ ಗುಂಡಿಗೆ ಹೋದರು. ಗಂಡಸರು ಸುಮತಿಯ ಗಾಡಿಯೊಳಗೆ ಎಸಿ ಹಾಕಿಸಿಕೊಂಡು ಕಾಲು ಚಾಚಿದರು.

ಆಗ ದಿನಕ್ಕೊಂದು ಬರುವ ಪಿಕಪ್ಪು ಬಂತು.

ಎದುರಿನಿಂದ ಬಂತು. ಹಿಂದೆ ತುಂಬ ಮೇಕೆಗಳು, ಮುಂದೆ ಬಿಳಿ ಗಡ್ಡದ ಒಬ್ಬ ಅಜ್ಜ. ಪೈಲಟ್ ಕಾರಿನ ಮೂತಿಗೆ ಮೂತಿ ತಂದು ನಿಲ್ಲಿಸಿ, ಇಳಿದು, ಕೋಲೂರಿಕೊಂಡು, ಮಿನುಗುವ ದೀಪಗಳ ಸಾಲನ್ನೂ ಚಾಪೆಯನ್ನೂ ಡಬರಿಗಳನ್ನೂ ನೋಡುತ್ತಾ ಬಂದ. ಅವನ ಮುಖ ಅರಳಿತು.

"ಶಾದಿ?" ಎಂದು ಹಿಂದಿಯಲ್ಲಿ ಕೇಳಿದ. "ದುಲ್ಹನ್ ಕಿಧರ್?" ಮದುವಣಗಿತ್ತಿ ಎಲ್ಲಿ ಎಂದು.

"ಶಾದಿ ನಹೀ," ಎಂದರು ಯಜಮಾನರು, ಮೆತ್ತೆ ಚಡ್ಡಿಯ ಮೇಲೆ ಟವೆಲು ಸುತ್ತಿಕೊಂಡು ಕುಂಟುತ್ತಾ ಇಳಿದು. "ಸೈಕಲ್. ಶಾಂತಿ ಕೇಲಿಯೇ."

ಅಜ್ಜ ಮೂರು ಸೈಕಲನ್ನು ನೋಡಿದ. ಗಾಡಿಗಳನ್ನು ನೋಡಿದ. ಮದುವೆಯೇ ಇರಬೇಕು, ಏನೋ ಕಾರಣಕ್ಕೆ ಮುಚ್ಚಿಡುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾದಂತಿತ್ತು. ಮಧ್ಯಾಹ್ನದ ನಮಾಜಿಗೆ ಮುಂಚೆ ಮೇಕೆಗಳನ್ನು ರುಸ್ತಾಕಿನ ಮಾರುಕಟ್ಟೆಗೆ ಮುಟ್ಟಿಸಬೇಕು, ಸ್ವಲ್ಪ ದಾರಿ ಬಿಡಿ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಆಮೇಲೆ ಮೇಲೆ ಕೆಳಗೆ ಕೈ ತೋರಿಸಿ ಅರಬ್ಬಿಯಲ್ಲಿ ಏನೋ ಹೇಳಿದ. ಶೆಟ್ಟರು ಅನುವಾದಿಸಿದರು:

"ಹುಟ್ಟಿದಾಗಿಂದ ಇದೇ ದಾರಿಯಂತೆ ಮಾರಾಯ್ರೆ. ಇಲ್ಲಿ ಗಾಡಿ ಅಡ್ಡ ಸಿಕ್ಕಿದ್ದು ಇವತ್ತೇ ಅಂತೆ."

ಮೌನಪಥದವರು ನಿಜವಾಗಿ ಮೌನವಾದದ್ದು ಅದೊಂದೇ ಸಲ.

ದಾರಿ ಬಿಡಬೇಕಾದರೆ ನಮ್ಮವರೆಲ್ಲ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗಲು ಕೊನೆಯ ಕಾರು ಮೊದಲು ಸರಿಯಬೇಕು. ಕೊನೆಯ ಕಾರು ರಾಯರದು, ಬೀಗ ಹಾಕಿದೆ. ಮೊಬೈಲು ಹಿಡಿದು ಎಲ್ಲರೂ ಬಂಡೆ ಹತ್ತಿ ಆಕಾಶಕ್ಕೆ ತೋರಿಸಿದರು, ಸಿಗ್ನಲ್ ಇಲ್ಲ. ಹಾರ್ನ್ ಹೊಡೆದರು, ಬೆಟ್ಟ ತಿರುಗಿ ಹೊಡೆಯಿತು. ಮೇಕೆಗಳು ಕೂಗತೊಡಗಿದವು.

"ಯಾರಾದ್ರೂ ಸೈಕಲ್ ಮೇಲೆ ಹೋಗಿ ರಾಯರನ್ನು ಕರ್ಕೊಂಡು ಬನ್ನಿ," ಎಂದೆ.

ಯಜಮಾನರು ಮೀನಖಂಡ ಮುಟ್ಟಿಕೊಂಡರು. ಶೆಟ್ಟರು, "ನಂಗಿನ್ನು ಆ ಸೀಟಿನ ಮೇಲೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಯಾಕೆ ಅಂತ ಕೇಳ್ಬೇಡಿ," ಎಂದರು. ಮೂರ್ತಿ ಇಳಿಜಾರನ್ನು ನೋಡಿ, "ಅಸೆಸ್ ಮಾಡ್ಬೇಕು," ಎಂದು ಅಸೆಸ್ ಮಾಡುತ್ತಾ ನಿಂತರು.

ನಾನು ದುಪಟ್ಟಾವನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಬಿಗಿದು ಕಟ್ಟಿದೆ.

"ಲೇ, ಏನ್ಮಾಡ್ತಿದೀಯ?" ಎಂದರು ಯಜಮಾನರು.

"ಸಪೋರ್ಟ್."

"ಬೀಳ್ತೀಯ ಕಣೇ! ಜಲ್ಲಿ ಅದು. ಹಿಂದೆ ಕಾರು ಕಳಿಸಕ್ಕೂ ಆಗಲ್ಲ!"

ಆಗಲ್ಲವಲ್ಲ! ಆ ಮಾತು ಕೇಳಿದೊಡನೆ ನನ್ನ ಎದೆಯಲ್ಲಿ ಏನೋ ಹಗುರಾಯಿತು. ಅಲ್ಲಿ ನಿಂತಿದ್ದ ಐದು ಗಾಡಿಗಳಲ್ಲಿ ಒಂದಕ್ಕೂ ನನ್ನ ಹಿಂದೆ ಬರಲು ಸಾಧ್ಯವಿರಲಿಲ್ಲ.

"ಹೋಗಲಿ ಬಿಡಿ ಅವರು," ಎಂದಳು ಸುಮತಿ. "ಇಷ್ಟು ಜನ ಗಂಡಸರಿದ್ದು ಒಂದು ಕೀ ತರ್ಲಿಕ್ಕೆ ಆಗ್ಲಿಲ್ಲ, ಮತ್ತೆ ಎಂತ ಮಾತು!"

"ಹೆಲ್ಮೆಟ್!" ಎಂದು ಕೂಗಿದರು ಮೂರ್ತಿ. ಯಜಮಾನರು ತಮ್ಮ ಹಳದಿ ಹೆಲ್ಮೆಟ್ಟನ್ನು ತಂದು ನನ್ನ ತಲೆಗಿಟ್ಟು ಗದ್ದದ ಕೆಳಗೆ ಪಟ್ಟಿ ಹಾಕಿದರು. ಎರಡೆರಡು ಸಲ ಎಳೆದು ನೋಡಿದರು. ಮದುವೆಯ ದಿನ ತಾಳಿ ಕಟ್ಟುವಾಗಲೂ ಇಷ್ಟು ಗಾಬರಿಯಾಗಿರಲಿಲ್ಲ ಮನುಷ್ಯ.

ಹೊರಟೆ. ಮೊದಲ ತಿರುವಿನಲ್ಲಿ ಹ್ಯಾಂಡಲ್ಲು ಹೇಳಿದ್ದನ್ನು ನಾನು ಕೇಳಲಿಲ್ಲ, ನಾನು ಹೇಳಿದ್ದನ್ನು ಅದು ಕೇಳಲಿಲ್ಲ. ಬಂಡೆ ಹತ್ತಿರ ಬಂತು. ಜಗಲಿಯಿಂದ ತಾತ ಕೂಗಿದರು, "ಚಕ್ರ ನೋಡಬೇಡ್ವೇ!" ದಾರಿ ನೋಡಿದೆ. ಸೈಕಲ್ ನೆಟ್ಟಗಾಯಿತು.

ತಿರುವು ದಾಟಿದ ಮೇಲೆ ಹಾರ್ನುಗಳು, ಮೇಕೆಗಳು, ಮೌನಪಥದ ವಾಗ್ವಾದ ಎಲ್ಲವೂ ಬೆಟ್ಟದ ಆಚೆ ಉಳಿದವು. ಚಕ್ರದ ಕೆಳಗೆ ಕರಕರ. ಅಷ್ಟೆ. ನಾನು ಫ್ರಾನ್ಸ್ ನೋಡಿದವಳಲ್ಲ, ಈಗಲೂ ನೋಡಿಲ್ಲ. ಆದರೆ ಯಜಮಾನರು ಏರ್‌ಪೋರ್ಟ್ ರಸ್ತೆಯಲ್ಲಿ ಹೇಳಿದ್ದು ಏನೆಂದು ಆ ಇಳಿಜಾರಿನಲ್ಲಿ ತಿಳಿಯಿತು. ಪಾಪ, ಅವರು ಹೇಳಿದ್ದು ನಿಜವೇ. ಅದನ್ನು ಅಲ್ಲಿಂದ ಇಲ್ಲಿಗೆ ತರುವಾಗ ಇಷ್ಟು ಸಾಮಾನು ಜೊತೆಗೆ ತಂದರು, ಅಷ್ಟೇ ತಪ್ಪು.

ರಾಯರು ಪಂಚೆ ಎತ್ತಿಕಟ್ಟಿ ನೀರಿನಲ್ಲಿ ಕಾಲಿಟ್ಟು ಕೂತಿದ್ದರು. ಹಳದಿ ಹೆಲ್ಮೆಟ್ಟಿನಲ್ಲಿ ನನ್ನನ್ನು ಕಂಡು ಅರ್ಧ ಎದ್ದು ನಿಂತರು. ವಿಷಯ ಹೇಳಿದೆ. "ಅಯ್ಯಯ್ಯೋ" ಎನ್ನುತ್ತಾ ಭಾವಮೈದುನನ ಗಾಡಿಯ ಬಾಗಿಲು ತೆಗೆದರು. ಮಕ್ಕಳ ಜೊತೆ ಹೆಂಗಸರು ಇರಲಿ, ತಾವಿಬ್ಬರೂ ಹೋಗಿಬರುತ್ತೇವೆ ಎಂದರು.

"ನೀವೂ ಬನ್ನಿ ತಾಯಿ, ಸೈಕಲ್ ಡಿಕ್ಕಿಗೆ ಹಾಕ್ತೀನಿ. ಎಸಿ ಇದೆ."

"ನೀವು ಮುಂದೆ ಹೋಗಿ ರಾಯರೇ. ನಾನು ನಿಧಾನವಾಗಿ ಬರ್ತೀನಿ."

"ಏರು ಇದೆಯಲ್ಲಮ್ಮ?"

"ಇರಲಿ."

ಅವರ ಧೂಳು ಇಳಿಯುವವರೆಗೆ ನಿಂತಿದ್ದು ಮತ್ತೆ ಹತ್ತಿದೆ. ಈಗ ಹೋಗಲು ಯಾವ ಕೆಲಸವೂ ಉಳಿದಿರಲಿಲ್ಲ. ಯಾರೂ ಕಳಿಸಿರಲಿಲ್ಲ, ಯಾರೂ ಕರೆದಿರಲಿಲ್ಲ. ಏರಿನಲ್ಲಿ ಉಸಿರು ಕಟ್ಟಿದಾಗ ಇಳಿದು ತಳ್ಳಿದೆ, ಸಮವಾದಾಗ ಹತ್ತಿ ತುಳಿದೆ. ಖರ್ಜೂರದ ತೋಟದ ಕಾಲುವೆಯಲ್ಲಿ ಕೈಯದ್ದಿ ಮುಖ ತೊಳೆದುಕೊಂಡೆ. ಯಾರೂ ಇಲ್ಲದಿದ್ದರೂ ಒಂದು ಸಲ ಬೆಲ್ ಬಾರಿಸಿದೆ.

ಸ್ವಲ್ಪ ಹೊತ್ತಿಗೆ ಎದುರಿನಿಂದ ಮೇಕೆಗಳ ಪಿಕಪ್ಪು ಇಳಿದು ಬಂತು. ಅಂದರೆ ದಾರಿ ಬಿಟ್ಟಾಯಿತು, ಸುಮತಿ ಎಲ್ಲರ ಗಾಡಿಯನ್ನೂ ತಾನೇ ಹಿಂದಕ್ಕೆ ತೆಗೆದಿರಬೇಕು. ಅಜ್ಜ ನನ್ನ ಪಕ್ಕದಲ್ಲಿ ನಿಲ್ಲಿಸಿದ. ಹೆಲ್ಮೆಟ್ಟನ್ನು ನೋಡಿದ, ಸೊಂಟಕ್ಕೆ ಬಿಗಿದ ಕೆಂಪು ದುಪಟ್ಟಾವನ್ನು ನೋಡಿದ. ಅವನ ಲೆಕ್ಕಕ್ಕೆ ಕೊನೆಗೂ ಉತ್ತರ ಸಿಕ್ಕಿತು.

"ಹಾಂ! ದುಲ್ಹನ್!" ಎಂದ. "ಮಬ್ರೂಕ್, ಮಬ್ರೂಕ್!" ಕಿಟಕಿಯಿಂದ ಒಂದು ಹಿಡಿ ಖರ್ಜೂರ ಕೊಟ್ಟ. ಶುಭಾಶಯವನ್ನು ನಿರಾಕರಿಸುವುದು ಮರ್ಯಾದೆಯಲ್ಲ. ತೆಗೆದುಕೊಂಡೆ.

ಅವನ ಹಿಂದೆಯೇ ನಮ್ಮ ದಿಬ್ಬಣ ಇಳಿದು ಬಂತು. ಮುಂದಿನ ಗಾಡಿಯ ಕಿಟಕಿಯಿಂದ ಯಜಮಾನರ ಬೂದು ಮುಖ ಹೊರಬಂತು.

"ಎಲ್ಲಿ ಹೋಗಿಬಿಟ್ಟೆ? ಹೆದರಿ ಸತ್ತೆ ನಾನು. ಹತ್ತು, ಗಾಡಿ ಹತ್ತು."

"ನೀವು ಬನ್ನಿ," ಎಂದು ಸೈಕಲನ್ನು ತಿರುಗಿಸಿದೆ. ನೀರಿನ ಗುಂಡಿಯವರೆಗೆ ಮುಂದೆ ನಾನು, ಹಿಂದೆ ಸಾಲುಗಾಡಿ. ದಾರಿ ಅಗಲವಾದ ಮೇಲೂ ನಾನು ಬದಿಗೆ ಸರಿಯಲಿಲ್ಲ. ಹಿಂದಿನಿಂದ ಸುಮತಿ ಹಾರ್ನ್ ಹೊಡೆದಳು. ಪಕ್ಕಕ್ಕೆ ಸರಿ ಎಂದಲ್ಲ, ಸಂತೋಷಕ್ಕೆ.

ಮೌನಪಥ ಅಲ್ಲಿಗೇ ಮುಗಿಯಿತು. ಶೆಟ್ಟರು ವಾರವಿಡೀ ನಿಂತೇ ವ್ಯಾಪಾರ ಮಾಡಿದರು. ನಮ್ಮ ಸೈಕಲ್ ಬಾಲ್ಕನಿಗೆ ಬಂತು. ಅದರ ಹ್ಯಾಂಡಲ್ಲಿನ ಮೇಲೆ ನಾನೇ ಟವೆಲು ಒಣಗಹಾಕಿದೆ. ಎರಡು ವಾರ ಆ ಟವೆಲನ್ನು ತೆಗೆಯುತ್ತಾ ಹಾಕುತ್ತಾ ಯೋಚಿಸಿದೆ. ಮೂರನೆಯ ವಾರ ಒಂದು ಸಂಜೆ ಸೈಕಲನ್ನು ಲಿಫ್ಟಿನ ಕಡೆಗೆ ತಳ್ಳಿಕೊಂಡು ಹೊರಟೆ.

"ಎಲ್ಲಿಗೆ?" ಎಂದರು ಯಜಮಾನರು.

"ಕೊತ್ತಂಬರಿ ಸೊಪ್ಪಿಗೆ."

"ಜನ ಏನಂತಾರೆ?"

"ನಿಮ್ಮ ಕೆಲಸ ಹೋಯ್ತು ಅಂತಾರೆ. ಹೆಲ್ಮೆಟ್ ಕೊಡಿ."

ಕೊಟ್ಟರು. ಮನೆಗಳ ಹಿಂದಿನ ಸಣ್ಣ ರಸ್ತೆಗಳಲ್ಲಿ ಸುತ್ತಿ, ದೊಡ್ಡ ರಸ್ತೆಯನ್ನು ಸಿಗ್ನಲ್ಲಿನ ಬಳಿ ಇಳಿದು ದಾಟಿ ಅಂಗಡಿಗೆ ಹೋದೆ. ಸೊಪ್ಪು ತಾಜಾ ಇತ್ತು. ಆಮೇಲೆ ಚಹಾದ ಹೋಟೆಲಿನ ಮುಂದೆ, ಎರಡು ದೊಡ್ಡ ಗಾಡಿಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಕಾಲೂರಿ ನಿಲ್ಲಿಸಿ, ಬೆಲ್ ಬಾರಿಸಿದೆ. ಹಿಂದಕ್ಕೆ ಹೋಗುವ ಪ್ರಮೇಯವೇ ಇರಲಿಲ್ಲ. ಯಾವ ಡ್ರಮ್ಮೂ ಬೀಳಲಿಲ್ಲ.

ಎಡಗಡೆಯ ಗಾಡಿಗೊಂದು ಲೋಟ, ಬಲಗಡೆಯ ಗಾಡಿಗೊಂದು ಲೋಟ ಕೊಟ್ಟು ಮೊಯಿದೀನ್ ಬ್ಯಾರಿಗಳು ಮೂರನೆಯದನ್ನು ಹಿಡಿದು ನನ್ನ ಬಳಿ ಬಂದರು. ಸೈಕಲನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಸಕ್ಕರೆ ಕಡಿಮೆಯಾ ಅಕ್ಕ?" ಎಂದರು.

ಗಾಡಿ ಎಲ್ಲಿ ಎಂದು ಕೇಳಲಿಲ್ಲ.